ನೋಡಬೇಕಾಗಿತ್ತು ಅಂತ ನಿಂತುಹೋದ ಸೀರಿಯಲ್ಲು

ಸೀರಿಯಲ್ ನಿಲ್ಲಿಸುವಾಗ ಚಾನೆಲ್‌ನವರು ಹೇಳುವ ಕಾರಣಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ರೇಟಿಂಗ್ ಬರಲಿಲ್ಲ, ಖರ್ಚು ಜಾಸ್ತಿಯಾಯಿತು, ನಟ ಕೈಕೊಟ್ಟ. 1982ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ಮಾತ್ರ ಒಂದು ವಿಚಿತ್ರ ಕಾರಣ ಕೊಟ್ಟಿತು. ಅವರು ‘ಪೊಲೀಸ್ ಸ್ಕ್ವಾಡ್!’ ಎಂಬ ಹಾಸ್ಯ ಧಾರಾವಾಹಿಯನ್ನು ಆರೇ ಎಪಿಸೋಡಿಗೆ ಮುಗಿಸಿಬಿಟ್ಟರು. ಯಾಕೆ ಅಂತ ಕೇಳಿದ್ದಕ್ಕೆ ಅಲ್ಲಿನ ಮನರಂಜನಾ ವಿಭಾಗದ ಮುಖ್ಯಸ್ಥ ಟೋನಿ ಥೋಮೋಪೌಲಸ್ ಕೊಟ್ಟ ಉತ್ತರದ ಸಾರ ಇಷ್ಟು: ಈ ಸೀರಿಯಲ್ ಇಷ್ಟವಾಗಬೇಕಾದರೆ ಜನ ಅದನ್ನು ನೋಡಬೇಕಾಗುತ್ತದೆ.

ಕೇಳಿದ ತಕ್ಷಣ ನಗು ಬರುತ್ತೆ. ಟಿವಿ ಇರುವುದೇ ನೋಡೋಕೆ ತಾನೆ? ಚಾನೆಲ್ ಬಾಸುಗಳು ಎಷ್ಟು ದಡ್ಡರು ಅನ್ನುವುದಕ್ಕೆ ಸಿನಿಮಾ ಹುಚ್ಚರು ಇವತ್ತಿಗೂ ಈ ಮಾತನ್ನೇ ಎತ್ತಿ ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮನುಷ್ಯ ನಿಜವನ್ನೇ ಹೇಳಿದ್ದರು. ಆರು ವರ್ಷ ಬಿಟ್ಟು ಅದೇ ಜನ, ಅದೇ ಥರದ ಜೋಕುಗಳನ್ನು, ಅದೇ ನಾಯಕನಟನ ಕೈಲಿ ಮಾಡಿಸಿ ‘ದ ನೇಕೆಡ್ ಗನ್’ ಅಂತ ಸಿನಿಮಾ ತೆಗೆದರು. ಅದು ಓಡಿದ್ದಕ್ಕೂ ಕಾರಣ ಅದೇ. ಥಿಯೇಟರಿನಲ್ಲಿ ಕತ್ತಲು. ನೋಡುವುದು ಬಿಟ್ಟು ಬೇರೆ ಕೆಲಸ ಇಲ್ಲ.

ಇದನ್ನು ಮಾಡಿದವರು ಮೂವರು. ಡೇವಿಡ್ ಜುಕರ್, ಅವನ ತಮ್ಮ ಜೆರ್ರಿ ಜುಕರ್, ಮತ್ತು ಅವರ ಗೆಳೆಯ ಜಿಮ್ ಅಬ್ರಹಾಮ್ಸ್. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ಕಡೆಯ ಹುಡುಗರು. 1970ರ ದಶಕದ ಶುರುವಿನಲ್ಲಿ ಮ್ಯಾಡಿಸನ್ ಊರಿನಲ್ಲಿ ‘ಕೆಂಟಕಿ ಫ್ರೈಡ್ ಥಿಯೇಟರ್’ ಅಂತ ಚಿಕ್ಕ ನಾಟಕ ತಂಡ ಕಟ್ಟಿ, ಆಮೇಲೆ ಗಂಟುಮೂಟೆ ಕಟ್ಟಿಕೊಂಡು ಲಾಸ್ ಏಂಜಲಿಸ್‌ಗೆ ಬಂದರು. 1980ರಲ್ಲಿ ‘ಏರ್‌ಪ್ಲೇನ್!’ ಸಿನಿಮಾ ಬಂತು. ಅದರ ಗುಟ್ಟು ಮಜವಾಗಿದೆ. 1957ರಲ್ಲಿ ಬಂದ ‘ಜೀರೋ ಅವರ್!’ ಅನ್ನುವ ಗಂಭೀರ ವಿಮಾನ ಸಿನಿಮಾದ ಹಕ್ಕನ್ನೇ ಕೊಂಡುಕೊಂಡು, ಅದರ ಕಥೆ, ಎಷ್ಟೋ ಕಡೆ ಮಾತುಗಳನ್ನೂ ಹಾಗ್ಹಾಗೇ ಇಟ್ಟುಕೊಂಡರು. ವಿಮಾನದಲ್ಲಿ ಕೆಟ್ಟ ಊಟ ತಿಂದು ಪೈಲಟ್‌ಗಳು ಕಾಯಿಲೆ ಬೀಳುತ್ತಾರೆ, ಹಳೇ ಯುದ್ಧದ ನೆನಪಿಗೆ ಹೆದರಿದವನೊಬ್ಬ ವಿಮಾನ ಇಳಿಸಬೇಕು. ಹಳೇ ಸಿನಿಮಾದಲ್ಲಿ ಜನ ಉಸಿರು ಬಿಗಿಹಿಡಿದು ನೋಡಿದ ಸಂಗತಿ ಇಲ್ಲಿ ಹೊಟ್ಟೆ ಹುಣ್ಣಾಗಿಸುತ್ತೆ.

ಇನ್ನೊಂದು ಕೆಲಸವನ್ನೂ ಅವರು ಮಾಡಿದ್ದರು. ಕಾಮಿಡಿ ನಟರನ್ನು ಹಾಕಿಕೊಳ್ಳಲಿಲ್ಲ. ಗಂಭೀರ ಪಾತ್ರಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನಟರನ್ನು ಕರೆತಂದರು. ಅವರಲ್ಲೊಬ್ಬ ಲೆಸ್ಲಿ ನೀಲ್ಸನ್. ಕೆನಡಾದ ರೆಜೈನಾದಲ್ಲಿ 1926ರಲ್ಲಿ ಹುಟ್ಟಿದವನು. 1956ರ ‘ಫರ್ಬಿಡನ್ ಪ್ಲಾನೆಟ್’ನಲ್ಲಿ ಆಕಾಶನೌಕೆಯ ಕಮಾಂಡರ್, 1972ರ ‘ದ ಪೊಸೈಡನ್ ಅಡ್ವೆಂಚರ್’ನಲ್ಲಿ ಮುಳುಗುವ ಹಡಗಿನ ಕ್ಯಾಪ್ಟನ್. ನಡುವೆ ಟಿವಿಯಲ್ಲಿ ಲೆಕ್ಕವಿಲ್ಲದಷ್ಟು ಪಾತ್ರ. ಗಟ್ಟಿ ದನಿ, ಚೌಕ ಮುಖ, ನೆಟ್ಟಗಿನ ಬೆನ್ನು. ಎದುರಿಗೆ ಬಂದರೆ ಸುಮ್ನೆ ನಂಬಿಕೆ ಬರುವಂಥ ಮನುಷ್ಯ. ‘ಏರ್‌ಪ್ಲೇನ್!’ನಲ್ಲಿ ಅವನು ಡಾಕ್ಟರು. ಎರಡು ವರ್ಷದ ನಂತರ ಅವನೇ ‘ಪೊಲೀಸ್ ಸ್ಕ್ವಾಡ್!’ನ ಪತ್ತೇದಾರ ಫ್ರಾಂಕ್ ಡ್ರೆಬಿನ್.

ಈ ಸೀರಿಯಲ್ ಏನನ್ನು ಅಣಕಿಸುತ್ತಿತ್ತು ಅಂತ ಗೊತ್ತಿದ್ದರೆ ಮಜ ಇನ್ನೂ ಜಾಸ್ತಿ. ಅಮೆರಿಕದ ಟಿವಿಯಲ್ಲಿ 50ರ ದಶಕದಿಂದ 70ರ ದಶಕದವರೆಗೆ ಪೊಲೀಸ್ ಧಾರಾವಾಹಿಗಳದ್ದೇ ಸುಗ್ಗಿ. ಲೀ ಮಾರ್ವಿನ್ ನಟಿಸಿದ್ದ ‘ಎಂ ಸ್ಕ್ವಾಡ್’ ಒಂದು. ನಿರ್ಮಾಪಕ ಕ್ವಿನ್ ಮಾರ್ಟಿನ್ ಅವರ ಸಾಲು ಸಾಲು ಧಾರಾವಾಹಿಗಳು ಇನ್ನೊಂದಷ್ಟು. ಅವುಗಳಲ್ಲಿ ಒಂದು ಗಂಭೀರ ದನಿ ಶುರುವಿನಲ್ಲಿ ಸೀರಿಯಲ್ ಹೆಸರು, ನಟರ ಹೆಸರು, ಅತಿಥಿ ನಟರ ಹೆಸರು, ಆ ದಿನದ ಕಂತಿನ ಹೆಸರು ಹೇಳುತ್ತಿತ್ತು. ಆ ದನಿ ಹ್ಯಾಂಕ್ ಸಿಮ್ಸ್ ಅವರದ್ದು. ಈ ಮೂವರು ಹೋಗಿ ಅದೇ ಹ್ಯಾಂಕ್ ಸಿಮ್ಸ್ ಅವರನ್ನೇ ಹಿಡಿದುಕೊಂಡು ಬಂದರು. ಮೈಕ್ ಮುಂದೆ ಕೂರಿಸಿ, ನೀವು ಯಾವಾಗಲೂ ಓದುವ ಹಾಗೇ ಓದಿ ಅಂದರು ಅನ್ನಿಸುತ್ತೆ. ಅವರೂ ಹಾಗೇ ಓದಿದ್ದಾರೆ.

ಈಗ ಪರದೆ ನೋಡಿ. ‘ಇವತ್ತಿನ ವಿಶೇಷ ಅತಿಥಿ ಲೋರ್ನ್ ಗ್ರೀನ್’ ಅಂತ ದನಿ ಹೇಳುತ್ತೆ. ‘ಬೊನಾನ್ಜಾ’ ಧಾರಾವಾಹಿಯ ಅಪ್ಪನ ಪಾತ್ರದಿಂದ ಅಮೆರಿಕದ ಮನೆಮನೆಗೂ ಗೊತ್ತಿದ್ದ ಹಿರಿಯ ನಟ. ಓಡುವ ಕಾರಿನಿಂದ ಅವರ ದೇಹ ರಸ್ತೆಗೆ ಬಿದ್ದು ಉರುಳುತ್ತೆ, ಎದೆಯಲ್ಲಿ ಚಾಕು. ಅಷ್ಟೇ ಅವರ ಪಾತ್ರ. ಆಮೇಲೆ ಕಂತಿನಲ್ಲಿ ಅವರಿಲ್ಲ, ಅವರ ಕೊಲೆಯ ಪ್ರಸ್ತಾಪವೂ ಇಲ್ಲ. ಪ್ರತಿ ವಾರ ಒಬ್ಬ ದೊಡ್ಡ ನಟ ಹೀಗೆ ಟೈಟಲ್ಲಿನಲ್ಲೇ ಸಾಯುತ್ತಾನೆ. ವಿಲಿಯಂ ಶಾಟ್ನರ್ ಗುಂಡಿನ ಸುರಿಮಳೆಯಿಂದ ತಪ್ಪಿಸಿಕೊಂಡು, ಗೆದ್ದೆ ಅಂತ ವೈನ್ ಕುಡಿದು, ವಿಷಕ್ಕೆ ಸಾಯುತ್ತಾನೆ. ಅದಾದ ಮೇಲೆ ‘ಅಬ್ರಹಾಂ ಲಿಂಕನ್ ಪಾತ್ರದಲ್ಲಿ ರೆಕ್ಸ್ ಹ್ಯಾಮಿಲ್ಟನ್’ ಅನ್ನುತ್ತೆ ದನಿ. ಲಿಂಕನ್ ನಾಟಕ ನೋಡುತ್ತಾ ಕೂತಿದ್ದಾರೆ, ಟೋಪಿಗೆ ಗುಂಡು ಬೀಳುತ್ತೆ, ಅವರು ತಿರುಗಿ ತಾವೂ ಗುಂಡು ಹಾರಿಸುತ್ತಾರೆ. ಲಿಂಕನ್ ಕೂಡ ಆಮೇಲೆ ಕಥೆಯಲ್ಲಿ ಎಲ್ಲೂ ಇಲ್ಲ. ಕೊನೆಗೆ ಕಂತಿನ ಹೆಸರು. ದನಿ ಒಂದು ಹೆಸರು ಓದುತ್ತೆ, ಪರದೆ ಮೇಲೆ ಬೇರೆಯದೇ ಹೆಸರು ಬರೆದಿರುತ್ತೆ.

ಈ ಹೆಸರಿನ ಜೋಕನ್ನೇ ತಗೊಳ್ಳಿ. ಕಿವಿಗೆ ಮಾತ್ರ ಕೆಲಸ ಕೊಟ್ಟರೆ ಜೋಕೇ ಇಲ್ಲ. ಕಣ್ಣಿಗೆ ಮಾತ್ರ ಕೊಟ್ಟರೂ ಇಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟವನಿಗೆ ಮಾತ್ರ ಸಿಗುತ್ತೆ. ಇಡೀ ಸೀರಿಯಲ್ ಹೀಗೇ ಕಟ್ಟಿದ್ದು.

ಮಾತಿನ ಜೋಕುಗಳೂ ಬೇಕಾದಷ್ಟಿವೆ. ಮೊದಲ ಕಂತಿನಲ್ಲಿ ಡ್ರೆಬಿನ್ ಒಬ್ಬ ಹೆಂಗಸಿನ ಮುಂದೆ ಸಿಗರೇಟ್ ಹಿಡಿದು "ಸಿಗರೇಟ್?" ಅನ್ನುತ್ತಾನೆ. ಅವಳು ನೋಡಿ, "ಹೌದು, ಸಿಗರೇಟೇ" ಅನ್ನುತ್ತಾಳೆ. ಇನ್ನೊಂದು ಕಡೆ ಯಾರೋ, "ನೀನ್ಯಾರು? ಒಳಗೆ ಹೇಗೆ ಬಂದೆ?" ಅಂತ ಗದರುತ್ತಾರೆ. ಡ್ರೆಬಿನ್ ಹೇಳುತ್ತಾನೆ: "ನಾನು ಬೀಗ ರಿಪೇರಿಯವನು. ಮತ್ತೆ... ನಾನು ಬೀಗ ರಿಪೇರಿಯವನು." ಎರಡು ಪ್ರಶ್ನೆ, ಎರಡು ಉತ್ತರ. ನೀಲ್ಸನ್ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನ ಹಾಗೆ ಹೇಳಿ ಮುಂದಿನ ಮಾತಿಗೆ ಹೋಗುತ್ತಾನೆ.

ನನಗೆ ತುಂಬಾ ಇಷ್ಟವಾದವನು ಜಾನಿ. ಬೀದಿ ಬದಿ ಬೂಟ್ ಪಾಲಿಶ್ ಮಾಡುವವನು, ಪೊಲೀಸರ ಮಾಹಿತಿದಾರ. ಅಂಥವನು ಪೊಲೀಸ್ ಕಥೆಗಳಲ್ಲೆಲ್ಲ ಇದ್ದೇ ಇರುತ್ತಾನೆ ಅಲ್ವಾ. ಡ್ರೆಬಿನ್ ಬಂದು ಕೂರುತ್ತಾನೆ, ಏನಪ್ಪಾ ಸುದ್ದಿ ಅನ್ನುತ್ತಾನೆ. ಜಾನಿ ನನಗೇನೂ ಗೊತ್ತಿಲ್ಲ ಅನ್ನುತ್ತಾನೆ. ನೋಟು ಕೈ ಬದಲಾಯಿಸುತ್ತೆ. ತಕ್ಷಣ ಕೊಲೆಯ ಒಳಗುಟ್ಟೆಲ್ಲ ಪಟಪಟ ಹೊರಗೆ. ಇಲ್ಲಿಯವರೆಗೆ ಮಾಮೂಲು. ಡ್ರೆಬಿನ್ ಎದ್ದು ಹೋದ ಮೇಲೆ ಅದೇ ಕುರ್ಚಿಗೆ ಒಬ್ಬ ಸರ್ಜನ್ ಬಂದು ಕೂರುತ್ತಾನೆ. ಆಪರೇಷನ್ ಬಟ್ಟೆಯಲ್ಲೇ. ಹೃದಯದ ಆಪರೇಷನ್ ಹೇಗೆ ಮಾಡೋದು ಅಂತ ಕೇಳುತ್ತಾನೆ. ಜಾನಿ ಮತ್ತೆ ನನಗೇನು ಗೊತ್ತು ಅನ್ನುತ್ತಾನೆ, ನೋಟು ಬರುತ್ತೆ, ಸರಿ, ಶುರು. ಇನ್ನೊಂದು ಕಂತಿನಲ್ಲಿ ಪಾದ್ರಿ ಬಂದು ಸತ್ತ ಮೇಲೆ ಏನಾಗುತ್ತೆ ಅಂತ ವಿಚಾರಿಸುತ್ತಾನೆ. ಈ ಚಿಕ್ಕ ಪಾತ್ರವನ್ನು ಮಾಡಿದ ವಿಲಿಯಂ ಡುಯೆಲ್ ಎಂಬ ಕುಳ್ಳ ನಟನ ಮುಖದಲ್ಲಿ ಒಂದು ಸಣ್ಣ ಬೇಜಾರಿದೆ. ಎಲ್ಲ ಬಲ್ಲವನಿಗೆ ಇರುವ ಬೇಜಾರು.

ಇಷ್ಟೆಲ್ಲ ನಡೆಯುವಾಗ ಹಿಂದಿನಿಂದ ನಗುವಿನ ಸದ್ದು ಬರುವುದಿಲ್ಲ. ಆಗಿನ ಅಮೆರಿಕದ ಅರ್ಧ ಗಂಟೆಯ ಹಾಸ್ಯ ಧಾರಾವಾಹಿಗಳಲ್ಲಿ ರೆಕಾರ್ಡ್ ಮಾಡಿದ ನಗು ಹಾಕುವುದು ವಾಡಿಕೆ. ಪ್ರೇಕ್ಷಕ ಅಡುಗೆಮನೆಯಲ್ಲಿದ್ದರೂ, ಓ, ಇಲ್ಲೊಂದು ಜೋಕು ಆಯಿತು ಅಂತ ಗೊತ್ತಾಗಬೇಕಲ್ಲ. ‘ಪೊಲೀಸ್ ಸ್ಕ್ವಾಡ್!’ನಲ್ಲಿ ಅದಿಲ್ಲ. ನಗುವ ಜಾಗ ಯಾವುದು ಅಂತ ಯಾರೂ ಬೆರಳು ತೋರಿಸುವುದಿಲ್ಲ. ಗಂಭೀರ ಸಂಗೀತ, ಗಂಭೀರ ಮುಖ, ಗಂಭೀರ ದನಿ.

ಇದರ ಪರಿಣಾಮ ಏನು ಅಂತ ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಸೀರಿಯಲ್ ಅಲ್ಲ, ಸಿನಿಮಾ. ತಿಪಟೂರಿನಲ್ಲಿ ಕೇಬಲ್ ಬಂದ ಹೊಸತು. ಇಂಗ್ಲಿಷ್ ಸಿನಿಮಾ ಚಾನೆಲ್ಲಿನಲ್ಲಿ ‘ದ ನೇಕೆಡ್ ಗನ್’ ಬರುತ್ತಿತ್ತು. ನಾನು ನೆಲದ ಮೇಲೆ ಬಿದ್ದು ನಗುತ್ತಿದ್ದೆ. ನಮ್ಮ ಸೋದರಮಾವ ಹಿಂದೆ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಅವರ ಇಂಗ್ಲಿಷ್ ಚೆನ್ನಾಗಿಯೇ ಇತ್ತು, ಕಿವಿ ಟಿವಿ ಕಡೆಗೇ ಇತ್ತು. ಆಸ್ಪತ್ರೆಯ ದೃಶ್ಯ. ಗುಂಡೇಟು ತಿಂದ ಪೊಲೀಸನೊಬ್ಬ ಮಲಗಿದ್ದಾನೆ, ಹೆಂಡತಿ ಅಳುತ್ತಿದ್ದಾಳೆ, ಗೆಳೆಯರು ಸಮಾಧಾನ ಹೇಳುತ್ತಿದ್ದಾರೆ.

ಮಾವ ಪೇಪರಿನಿಂದ ತಲೆ ಎತ್ತದೆ, "ಏನೋ ಅದು, ಪಾಪ, ಆ ಹೆಂಗಸು ಅಳ್ತಾ ಇದಾಳೆ, ನೀನು ನೋಡಿದ್ರೆ ಹಲ್ಲು ಬಿಡ್ತೀಯಲ್ಲ" ಅಂದರು.

"ಮಾವ, ನೀವು ಒಂದ್ಸಲ ನೋಡಿ."

ಅವರು ನೋಡುವ ಹೊತ್ತಿಗೆ ದೃಶ್ಯ ಮುಗಿದಿತ್ತು. ಕೊಲೆಗಾರ ಸಿಕ್ಕಿದನಾ ಅಂತ ಕೇಳಿ ಮತ್ತೆ ಪೇಪರಿಗೆ ಹೋದರು. ಇನ್ನೂ ಒಂದು ಗಂಟೆ ಅವರು ಅದನ್ನು ಕೊಲೆ ಪತ್ತೆಯ ಸಿನಿಮಾ ಅಂತಲೇ ಕೇಳಿಸಿಕೊಂಡರು. ಅವರನ್ನು ನಾನು ದೂರುವುದಿಲ್ಲ. ದನಿಯಲ್ಲಿ ಎಲ್ಲೂ ತಮಾಷೆ ಇರಲಿಲ್ಲ. 1982ರ ಮಾರ್ಚ್ 4ರ ಗುರುವಾರ ಸಂಜೆ ಅಮೆರಿಕದ ಎಷ್ಟೋ ಮನೆಗಳಲ್ಲಿ ಇದೇ ನಡೆದಿರಬೇಕು. ತಟ್ಟೆ ತೊಳೆಯುತ್ತಾ, ಮಕ್ಕಳ ಹೋಂವರ್ಕ್ ನೋಡುತ್ತಾ, ಚಿಕ್ಕ ಪರದೆಯ ಟಿವಿಗೆ ಅರ್ಧ ಕಿವಿ ಕೊಟ್ಟು ಕೂತವರಿಗೆ ಇದು ಇನ್ನೊಂದು ಪೊಲೀಸ್ ಸೀರಿಯಲ್ಲಿನ ಹಾಗೆ ಕೇಳಿಸಿತ್ತು.

ನಾಲ್ಕು ಕಂತು ಮಾರ್ಚಿನಲ್ಲಿ ಬಂದವು. ಚಾನೆಲ್ ಕೈ ಎತ್ತಿತು. ಉಳಿದ ಎರಡನ್ನು ಜುಲೈನಲ್ಲಿ ಹಾಕಿ ಮುಗಿಸಿದರು. ನೀಲ್ಸನ್‌ಗೆ ಆ ವರ್ಷ ಹಾಸ್ಯ ಧಾರಾವಾಹಿಯ ನಾಯಕನಟ ವಿಭಾಗದಲ್ಲಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನ ಸಿಕ್ಕಿತು ಅನ್ನುವುದು ಬೇರೆ ಮಾತು. ಆರು ಕಂತಿನ ನಟನೆಗೆ! ಆಮೇಲೆ 80ರ ದಶಕದ ಮಧ್ಯದಲ್ಲಿ ವಿಡಿಯೋ ಕ್ಯಾಸೆಟ್ಟಾಗಿ ಬಂದಾಗ ಇದಕ್ಕೆ ನಿಜವಾದ ಪ್ರೇಕ್ಷಕರು ಸಿಕ್ಕರು. ಕ್ಯಾಸೆಟ್ ಬಾಡಿಗೆಗೆ ತಂದವನು ದುಡ್ಡು ಕೊಟ್ಟಿರುತ್ತಾನೆ, ಅದಕ್ಕೇ ಕೂತು ನೋಡುತ್ತಾನೆ. ಅರ್ಥವಾಗದಿದ್ದರೆ ರಿವೈಂಡ್ ಮಾಡುತ್ತಾನೆ.

ನಡುವೆ ಆ ಮೂವರು ಎರಡು ಸಿನಿಮಾ ಮಾಡಿದರು. 1984ರ ‘ಟಾಪ್ ಸೀಕ್ರೆಟ್!’ನಲ್ಲಿ ಜೋಕುಗಳು ಒಂದಕ್ಕಿಂತ ಒಂದು ಚೆಂದ, ಆದರೆ ಕಥೆ ಅನ್ನುವುದು ಹೆಸರಿಗೆ ಮಾತ್ರ. ‘ಏರ್‌ಪ್ಲೇನ್!’ನಷ್ಟು ಓಡಲಿಲ್ಲ. 1986ರ ‘ರೂಥ್‌ಲೆಸ್ ಪೀಪಲ್’ ಬೇರೆಯವರು ಬರೆದ ಗಟ್ಟಿ ಕಥೆ, ಅದು ಗೆದ್ದಿತು. ಸಿನಿಮಾದಲ್ಲಿ ಒಂದೂವರೆ ಗಂಟೆ ಕೂರಿಸಬೇಕಾದರೆ ಜೋಕಿನ ಕೆಳಗೆ ಒಂದು ಕಥೆ ಬೇಕು ಅನ್ನುವುದು ಆಗಲೇ ಅವರ ತಲೆಗೆ ಹೋಗಿರಬೇಕು. ಯಾಕೆಂದರೆ 1988ರ ಡಿಸೆಂಬರಿನಲ್ಲಿ ಬಂದ ‘ದ ನೇಕೆಡ್ ಗನ್’ನಲ್ಲಿ ಸೀರಿಯಲ್ಲಿನಲ್ಲಿ ಇರದಿದ್ದ ಮೂರು ಸಂಗತಿಗಳಿವೆ. ಒಬ್ಬ ಶ್ರೀಮಂತ ಖಳನಾಯಕ, ಒಂದು ಪ್ರೇಮ, ಮತ್ತು ಕೊನೆಯವರೆಗೆ ಎಳೆದುಕೊಂಡು ಹೋಗುವ ಒಂದು ಸಂಚು. ಲಾಸ್ ಏಂಜಲಿಸ್‌ಗೆ ಬಂದಿರುವ ಇಂಗ್ಲೆಂಡಿನ ರಾಣಿಯನ್ನು ಬೇಸ್‌ಬಾಲ್ ಪಂದ್ಯದಲ್ಲಿ ಕೊಲ್ಲಬೇಕು ಅನ್ನುವ ಸಂಚು. ಖಳನಾಗಿ ರಿಕಾರ್ಡೋ ಮೊಂಟಲ್ಬಾನ್, ನಾಯಕಿಯಾಗಿ ಪ್ರಿಸಿಲ್ಲಾ ಪ್ರೆಸ್ಲಿ. ನಿರ್ದೇಶನ ಡೇವಿಡ್ ಜುಕರ್ ಒಬ್ಬನದೇ. ಬರೆದವರು ಮೂವರ ಜೊತೆ ಪ್ಯಾಟ್ ಪ್ರಾಫ್ಟ್.

ನೀಲ್ಸನ್‌ಗೆ ಆಗ 62 ವರ್ಷ. ಸೀರಿಯಲ್ಲಿನಲ್ಲಿ ಅವನ ಮೇಲಧಿಕಾರಿ ಎಡ್ ಆಗಿದ್ದ ಅಲನ್ ನಾರ್ತ್ ಜಾಗಕ್ಕೆ ಜಾರ್ಜ್ ಕೆನಡಿ ಬಂದರು. ಕೆನಡಿ ದೊಡ್ಡ ನಟ, ಆಸ್ಕರ್ ಪಡೆದವರು, ಚೆನ್ನಾಗಿಯೂ ಮಾಡಿದ್ದಾರೆ. ಆದರೂ ನನಗೆ ನಾರ್ತ್ ಅವರ ಆ ನಿದ್ದೆಗಣ್ಣಿನ ಎಡ್ ಮೇಲೇ ಪ್ರೀತಿ. ಪ್ರಯೋಗಾಲಯದ ವಿಜ್ಞಾನಿ ಟೆಡ್ ಓಲ್ಸನ್ ಪಾತ್ರಕ್ಕೆ ಮಾತ್ರ ಸೀರಿಯಲ್ಲಿನಲ್ಲಿದ್ದ ನಟ ಎಡ್ ವಿಲಿಯಮ್ಸ್ ಅವರೇ.

ಸೀರಿಯಲ್ಲಿನಿಂದ ಸಿನಿಮಾಕ್ಕೆ ಬರುವಾಗ ಬಿಟ್ಟುಬಂದದ್ದು ಏನು ಅಂತ ನೋಡಿದರೆ ಸ್ವಲ್ಪ ಹೊಟ್ಟೆ ಉರಿಯುತ್ತೆ. ಟಿವಿಯನ್ನೇ ಅಣಕಿಸುತ್ತಿದ್ದ ಜೋಕುಗಳೆಲ್ಲ ಹೋದವು. ಸಾಯುವ ಅತಿಥಿ ನಟ ಇಲ್ಲ. ಎರಡು ಹೆಸರಿನ ಕಂತು ಇಲ್ಲ. ಎಲ್ಲಕ್ಕಿಂತ ಚೆಂದದ್ದು ಕೊನೆಯ ದೃಶ್ಯದ ಆಟ, ಅದೂ ಇಲ್ಲ. ಹಳೇ ಪೊಲೀಸ್ ಸೀರಿಯಲ್ಲುಗಳು ಮುಗಿಯುವಾಗ ಎಲ್ಲರೂ ನಗುತ್ತಿರುವ ಹೊತ್ತಿಗೆ ಚಿತ್ರ ಫ್ರೀಜ್ ಆಗುತ್ತಿತ್ತು, ಅದರ ಮೇಲೆ ಹೆಸರುಗಳು ಓಡುತ್ತಿದ್ದವು. ‘ಪೊಲೀಸ್ ಸ್ಕ್ವಾಡ್!’ನಲ್ಲಿ ಚಿತ್ರ ಫ್ರೀಜ್ ಆಗುವುದಿಲ್ಲ, ನಟರೇ ಅಲ್ಲಾಡದೆ ನಿಂತುಬಿಡುತ್ತಾರೆ. ಕಪ್ಪಿಗೆ ಸುರಿಯುತ್ತಿದ್ದ ಕಾಫಿ ಸುರಿಯುತ್ತಲೇ ಇರುತ್ತೆ, ತುಂಬಿ ಚೆಲ್ಲುತ್ತೆ, ಸುರಿಯುವವನು ಕದಲುವುದಿಲ್ಲ. ಇನ್ನೊಂದರಲ್ಲಿ ಎಲ್ಲರೂ ಕಲ್ಲಾಗಿ ನಿಂತಾಗ ಹಿಡಿದುಹಾಕಿದ ಕಳ್ಳ ಮಾತ್ರ ಸುತ್ತಮುತ್ತ ನೋಡುತ್ತಾನೆ. ಇವರಿಗೆಲ್ಲ ಏನಾಯಿತು ಅಂತ ಅವನಿಗೆ ತಿಳಿಯುವುದಿಲ್ಲ. ತಪ್ಪಿಸಿಕೊಂಡು ಓಡಲು ದಾರಿ ಹುಡುಕುತ್ತಾನೆ. ಈ ಜೋಕನ್ನು ದೊಡ್ಡ ಪರದೆಗೆ ತಂದು ಹಾಕೋಕೆ ಆಗುವುದಿಲ್ಲ. ಇದು ಟಿವಿಯಲ್ಲಿ ಹುಟ್ಟಿ ಟಿವಿಯಲ್ಲೇ ಬದುಕುವಂಥದ್ದು.

ಬದಲಿಗೆ ಸಿನಿಮಾದವರು ಸಿನಿಮಾವನ್ನು ಅಣಕಿಸಿದರು. ಟೈಟಲ್ ಕಾರ್ಡ್ ನೋಡಿ. ಪೊಲೀಸ್ ಕಾರಿನ ಮೇಲೆ ಇಟ್ಟ ಕ್ಯಾಮೆರಾ, ಮುಂದೆ ತಿರುಗುವ ಕೆಂಪು ದೀಪ, ಇರಾ ನ್ಯೂಬಾರ್ನ್ ಅವರ ಜಾಝ್ ಸಂಗೀತ. ಕಾರು ರಸ್ತೆಯಲ್ಲಿ ಓಡುತ್ತೆ. ಆಮೇಲೆ ಕಾರು ತೊಳೆಯುವ ಜಾಗದೊಳಗೆ ನುಗ್ಗುತ್ತೆ. ಯಾರದೋ ಮನೆಯೊಳಗೆ. ಹೆಂಗಸರ ಸ್ನಾನದ ಕೋಣೆಗೆ. ರೋಲರ್ ಕೋಸ್ಟರ್ ಮೇಲೆ. ಕೊನೆಗೆ ಡೋನಟ್ ಅಂಗಡಿ ಮುಂದೆ ನಿಲ್ಲುತ್ತೆ. ಪ್ರೇಮಗೀತೆಯ ಭಾಗವೂ ಹಾಗೇ. ಡ್ರೆಬಿನ್ ಮತ್ತು ನಾಯಕಿ ಜೇನ್ ಬೀಚಿನಲ್ಲಿ ಓಡುತ್ತಾರೆ, ಕುದುರೆ ಏರುತ್ತಾರೆ, ಒಂದು ಥಿಯೇಟರಿನಿಂದ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೊರಬರುತ್ತಾರೆ. ಮೇಲೆ ಬೋರ್ಡಿನಲ್ಲಿ ಸಿನಿಮಾದ ಹೆಸರು ‘ಪ್ಲಟೂನ್’. ವಿಯೆಟ್ನಾಂ ಯುದ್ಧದ ಘೋರ ಚಿತ್ರ! ಹಾಡು ಮುಗಿದ ಮೇಲೆ ಜೇನ್ ಹೇಳುತ್ತಾಳೆ, ನಾವು ನಿನ್ನೆ ತಾನೆ ಭೇಟಿಯಾದದ್ದು ಅಂದರೆ ನಂಬೋಕಾಗಲ್ಲ. ನಾವು ನೋಡಿದ ಅಷ್ಟೂ ಒಡನಾಟ ಒಂದೇ ದಿನದ್ದು.

ಸೀರಿಯಲ್ಲಿನ ಜೋಕುಗಳಿಗೂ ಸಿನಿಮಾದಲ್ಲಿ ಕೈಕಾಲು ಉದ್ದವಾದವು. ಒಂದು ಉದಾಹರಣೆ. ಟಿವಿಯಲ್ಲಿ ಡ್ರೆಬಿನ್ ಕಾರು ನಿಲ್ಲಿಸಿದಾಗಲೆಲ್ಲ ಕಸದ ಡಬ್ಬಕ್ಕೆ ಗುದ್ದುತ್ತಿದ್ದ. ಒಂದು ಕ್ಷಣದ ಜೋಕು, ಮುಗಿಯಿತು. ಸಿನಿಮಾದಲ್ಲಿ ಅವನು ಪೊಲೀಸ್ ಕಚೇರಿ ಮುಂದೆ ಬಂದು ಗುದ್ದುತ್ತಾನೆ. ಏರ್‌ಬ್ಯಾಗುಗಳು ಊದಿಕೊಳ್ಳುತ್ತವೆ. ಅವನು ಏನೂ ಆಗದವನಂತೆ ಇಳಿದು ಬರುತ್ತಾನೆ. ಊದಿದ ಬ್ಯಾಗು ಗೇರನ್ನು ತಳ್ಳುತ್ತೆ. ಕಾರು ತಾನೇ ಹೊರಡುತ್ತೆ. ಡ್ರೆಬಿನ್ ತಿರುಗಿ ನೋಡಿ, ಯಾರೋ ತನ್ನನ್ನು ಕೊಲ್ಲಲು ಬಂದಿದ್ದಾರೆ ಅಂತ ಪಿಸ್ತೂಲು ತೆಗೆದು ತನ್ನದೇ ಖಾಲಿ ಕಾರಿನ ಮೇಲೆ ಗುಂಡು ಹಾರಿಸುತ್ತಾನೆ. ಟಿವಿಯಲ್ಲಿ ಇದಕ್ಕೆ ದುಡ್ಡೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಹಡಗುಕಟ್ಟೆಯ ಲಂಚದ ದೃಶ್ಯ ಜಾನಿಯ ತಮ್ಮನಿದ್ದ ಹಾಗೆ. ಬಾಯಿ ಬಿಡಿಸಲು ಡ್ರೆಬಿನ್ ನೋಟು ಕೊಡುತ್ತಾನೆ. ಆ ಮನುಷ್ಯ ಹೇಳಿ ಮುಗಿಸಿ, ನಿನಗ್ಯಾಕೆ ಇದೆಲ್ಲ ಬೇಕು ಅಂತ ತಿರುಗಿ ಕೇಳುತ್ತಾನೆ. ಈಗ ಡ್ರೆಬಿನ್ ಬಾಯಿ ಬಿಡಬೇಕು. ಅದೇ ನೋಟು ವಾಪಸು ಬರುತ್ತೆ. ನೋಟು ಆಕಡೆ ಈಕಡೆ ಹೋಗುತ್ತಲೇ ಇರುತ್ತೆ. ಇಬ್ಬರ ಮುಖವೂ ಕಲ್ಲು.

ಥಿಯೇಟರಿನಲ್ಲೇ ಬೆಳೆಯುವ ಜೋಕು ಅಂದರೆ ಮೈಕಿನದ್ದು. ರಾಣಿ ಬರುವ ಬಗ್ಗೆ ಮೇಯರ್ ಪತ್ರಿಕಾಗೋಷ್ಠಿ ಕರೆದಿದ್ದಾರೆ. ಡ್ರೆಬಿನ್ ಎದೆಗೆ ಮೈಕ್ ಸಿಕ್ಕಿಸಿಕೊಂಡು ಮಾತಾಡಿ, ಅದನ್ನು ತೆಗೆಯದೆ ಶೌಚಾಲಯಕ್ಕೆ ಹೋಗುತ್ತಾನೆ. ಹೊರಗೆ ಮೇಯರಮ್ಮ ಭಾಷಣ ಮಾಡುತ್ತಿದ್ದಾರೆ, ಸ್ಪೀಕರಿನಲ್ಲಿ ಒಳಗಿನ ಸದ್ದೆಲ್ಲ. ಮೇಯರಮ್ಮ ನಿಲ್ಲಿಸುವುದಿಲ್ಲ. ಅವನೂ ನಿಲ್ಲಿಸುವುದಿಲ್ಲ. ಹಾಡು ಬೇರೆ ಗುನುಗುತ್ತಾನೆ. ಜೋಕು ಗೊತ್ತಾಗಲು ಐದು ಸೆಕೆಂಡ್ ಸಾಕು. ಆಮೇಲಿನದ್ದೆಲ್ಲ ಅದು ಇನ್ನೂ ಮುಗಿದಿಲ್ಲವಲ್ಲ ಅನ್ನುವ ನಗು. ಒಬ್ಬರೇ ನೋಡಿದರೆ ಮುಗುಳ್ನಗೆ ಬರಬಹುದು. ತುಂಬಿದ ಥಿಯೇಟರಿನಲ್ಲಿ ಪಕ್ಕದವನು ನಗುವುದು ಕೇಳಿ ನೀವು ನಗುತ್ತೀರಿ, ನಿಮ್ಮದು ಕೇಳಿ ಹಿಂದಿನವನು. ಚಾನೆಲ್‌ನವರು ರೆಕಾರ್ಡ್ ಮಾಡಿ ಹಾಕಬೇಕಾಗಿದ್ದ ನಗುವನ್ನು ಇಲ್ಲಿ ಟಿಕೆಟ್ ಕೊಂಡವರೇ ತಂದುಕೊಂಡಿರುತ್ತಾರೆ.

ಕೊನೆಯ ಬೇಸ್‌ಬಾಲ್ ಭಾಗದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಅನುಮಾನ ಇರಬಹುದು. ನಮಗೆ ಕ್ರಿಕೆಟ್ ಗೊತ್ತು, ಇದು ಗೊತ್ತಿಲ್ಲ. ಏನೂ ತೊಂದರೆಯಿಲ್ಲ. ಡ್ರೆಬಿನ್‌ಗೂ ಗೊತ್ತಿಲ್ಲದವನ ಹಾಗೆ ಇದೆ. ಅವನು ಮೊದಲು ಎನ್ರಿಕೋ ಪಲಾಟ್ಸೋ ಎಂಬ ಒಪೆರಾ ಗಾಯಕನ ವೇಷದಲ್ಲಿ ಮೈದಾನಕ್ಕೆ ಬಂದು ರಾಷ್ಟ್ರಗೀತೆಯ ಪದಗಳನ್ನು ತಪ್ಪುತಪ್ಪಾಗಿ ಹಾಡುತ್ತಾನೆ. ಆಮೇಲೆ ಅಂಪೈರ್ ಬಟ್ಟೆ ಹಾಕಿಕೊಂಡು ಆಟಗಾರರ ಮೈ ತಡಕಿ ಶೋಧಿಸುತ್ತಾನೆ. ಮೊದಲ ಚೆಂಡು ಬಂತು. ಏನು ಹೇಳಬೇಕು ಅಂತ ಗೊತ್ತಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಮೆಲ್ಲಗೆ, ಸಂಶಯದಿಂದ "ಸ್ಟ್ರೈಕ್?" ಅನ್ನುತ್ತಾನೆ. ಜನ ಹೋ ಅನ್ನುತ್ತಾರೆ. ಮುಂದಿನ ಚೆಂಡಿಗೆ ಸ್ವಲ್ಪ ಜೋರಾಗಿ. ಅದಾದ ಮೇಲೆ ಕೈಕಾಲು ಬೀಸಿ ಕುಣಿಯತೊಡಗುತ್ತಾನೆ. ಕೊಲೆಗಾರನನ್ನು ಹುಡುಕಬೇಕಾದ ಪೊಲೀಸನಿಗೆ ಚಪ್ಪಾಳೆಯ ರುಚಿ ಹತ್ತಿದೆ. ನೀಲ್ಸನ್ ಮುಖದಲ್ಲಿ ಆ ಖುಷಿ ಹಂತಹಂತವಾಗಿ ಏರುವುದನ್ನು ನೋಡಬೇಕು. ಇಲ್ಲಿ ಮಾತ್ರ ಅವನ ಗಾಂಭೀರ್ಯ ಸಡಿಲವಾಗುತ್ತೆ, ಅದೂ ಪಾತ್ರದ ಒಳಗಿನಿಂದಲೇ.

ಡೇವಿಡ್ ಜುಕರ್ ಹಾಸ್ಯಕ್ಕೆ ತಮ್ಮದೇ ಕೆಲವು ನಿಯಮಗಳನ್ನು ಹೇಳಿಕೊಂಡು ಬಂದಿದ್ದಾರೆ. ಅವುಗಳಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದದ್ದು, ಜೋಕಿನ ಮೇಲೆ ಜೋಕು ಹೇರಬಾರದು ಅನ್ನುವುದು. ಹಿಂದೆ ಜೋಕು ನಡೆಯುತ್ತಿದ್ದರೆ ಮುಂದಿರುವವನು ಗಂಭೀರವಾಗಿರಬೇಕು. ಮುಂದಿರುವವನು ತಮಾಷೆ ಮಾಡುತ್ತಿದ್ದರೆ ಹಿಂದೆ ಎಲ್ಲ ಮಾಮೂಲಾಗಿರಬೇಕು. ಎರಡೂ ಒಟ್ಟಿಗೆ ಬಂದರೆ ಒಂದನ್ನೊಂದು ಕೊಂದುಹಾಕುತ್ತವೆ. ಇದನ್ನು ತಿಳಿದ ಮೇಲೆ ಆಸ್ಪತ್ರೆಯ ದೃಶ್ಯವನ್ನು ಮತ್ತೆ ನೋಡಿದೆ. ಮುಂದೆ ಎಡ್ ದುಃಖದ ದನಿಯಲ್ಲಿ ಹೆಂಡತಿಗೆ ಧೈರ್ಯ ಹೇಳುತ್ತಿದ್ದಾರೆ. ಡ್ರೆಬಿನ್ ಅದಕ್ಕೆ ದನಿಗೂಡಿಸಿ, ಅಂಗದಾನದ ಫಾರಂ ತುಂಬೋದನ್ನ ಮಾತ್ರ ಕೊನೇ ಗಳಿಗೆವರೆಗೆ ಇಟ್ಕೋಬೇಡಮ್ಮ ಅನ್ನುತ್ತಾನೆ. ಆಗ ಹಿಂದೆ ಏನೂ ನಡೆಯುವುದಿಲ್ಲ. ಬೇರೊಂದು ಕ್ಷಣದಲ್ಲಿ ರೋಗಿಯ ಯಾಂತ್ರಿಕ ಮಂಚ ಮಡಚಿಕೊಂಡು ಅವನನ್ನು ಹಿಂಡುವಾಗ ಮುಂದಿನವರ ಮಾತೆಲ್ಲ ಸಪ್ಪೆ. ಸರದಿ ಪ್ರಕಾರ ನಡೆಯುತ್ತೆ. ಇತ್ತೀಚಿನ ಎಷ್ಟೋ ಹಾಸ್ಯ ಸಿನಿಮಾಗಳಲ್ಲಿ ನಟ ಕಣ್ಣು ಹೊರಳಿಸುತ್ತಾನೆ, ಹಿನ್ನೆಲೆಯಲ್ಲಿ ಪೀಪಿ ಊದುತ್ತೆ, ಪಕ್ಕದವನು ಬೀಳುತ್ತಾನೆ, ಎಲ್ಲ ಒಂದೇ ಸಲಕ್ಕೆ. ನಗು ಯಾಕೆ ಬರುವುದಿಲ್ಲ ಅಂತ ಅವರಿಗೇ ಆಶ್ಚರ್ಯ.

ಎಲ್ಲವೂ ಹಳತಾಗದೆ ಉಳಿದಿದೆ ಅಂತಲ್ಲ. ಶುರುವಿನಲ್ಲಿ ಬೇರೂತಿನ ಕೋಣೆಯೊಂದರಲ್ಲಿ ಖೊಮೇನಿ, ಗಡ್ಡಾಫಿ, ಅರಾಫತ್, ಇದಿ ಅಮೀನ್, ಗೊರ್ಬಚೇವ್ ಎಲ್ಲ ಕೂತು ಅಮೆರಿಕಕ್ಕೆ ಕೇಡು ಬಗೆಯುತ್ತಾರೆ. ಡ್ರೆಬಿನ್ ಎಲ್ಲರನ್ನೂ ಬಡಿದು, ಗೊರ್ಬಚೇವ್ ಹಣೆಯ ಮಚ್ಚೆಯನ್ನು ಒರೆಸಿಹಾಕುತ್ತಾನೆ. ಮಚ್ಚೆಯ ಜೋಕು ಇವತ್ತಿಗೂ ಸರಿಯೇ. ಉಳಿದದ್ದು ಆ ಕಾಲದ ಅಮೆರಿಕದ ಹಮ್ಮು. ಹೆಂಗಸರ ಮೈ ಬಗ್ಗೆಯ ಕೆಲವು ಜೋಕುಗಳೂ ಸವೆದಿವೆ. ಇನ್ನು ಗುಂಡೇಟು ತಿನ್ನುವ ನಾರ್ಡ್‌ಬರ್ಗ್ ಪಾತ್ರ ಮಾಡಿದವನು ಒ.ಜೆ. ಸಿಂಪ್ಸನ್. ಸೀರಿಯಲ್ಲಿನಲ್ಲಿ ಆ ಪಾತ್ರ ಪೀಟರ್ ಲೂಪಸ್ ಅವರದ್ದಾಗಿತ್ತು. 1994ರಲ್ಲಿ ಈ ಸರಣಿಯ ಮೂರನೆಯ ಸಿನಿಮಾ ಬಂದು ಕೆಲವೇ ತಿಂಗಳಿಗೆ ಸಿಂಪ್ಸನ್ ಕೊಲೆ ಆರೋಪದಲ್ಲಿ ಬಂಧಿತನಾದ. ಕೋರ್ಟು ಬಿಡುಗಡೆ ಮಾಡಿತು, ಆದರೆ ಈಗ ಅವನು ಪರದೆ ಮೇಲೆ ಬಂದಾಗ ಒಂದು ಕ್ಷಣ ಮನಸ್ಸು ಬೇರೆಲ್ಲೋ ಹೋಗಿ ಬರುತ್ತೆ.

ಮುಂದಿನ ಭಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1991ರ ಎರಡನೆಯದು ಚೆನ್ನಾಗಿದೆ. ಸೀರಿಯಲ್ಲಿನ ಟೈಟಲ್ಲಿನಲ್ಲಿ ಸತ್ತಿದ್ದ ರಾಬರ್ಟ್ ಗೂಲೆ ಅದರಲ್ಲಿ ಖಳನಾಗಿ ಮರಳುತ್ತಾನೆ. 1994ರದ್ದು ಆಸ್ಕರ್ ಸಮಾರಂಭದ ಭಾಗಕ್ಕಾಗಿ ನೋಡಬಹುದು. ನೀಲ್ಸನ್ ಆಮೇಲೆ ಇದೇ ಥರದ ಸಿನಿಮಾಗಳಲ್ಲಿ ಸಿಕ್ಕಿಕೊಂಡ. ಹಲವುದರಲ್ಲಿ ಅವನಿಗೆ ತಾನು ಕಾಮಿಡಿ ಮಾಡುತ್ತಿದ್ದೇನೆ ಅಂತ ಗೊತ್ತಿರುವುದು ಮುಖದಲ್ಲಿ ಕಾಣುತ್ತೆ. ಅಲ್ಲಿಗೆ ಸೊಗಸು ಹೋಯಿತು. 2010ರಲ್ಲಿ ತೀರಿಕೊಂಡ.

2025ರಲ್ಲಿ ಲಿಯಾಂ ನೀಸನ್ ಡ್ರೆಬಿನ್‌ನ ಮಗನಾಗಿ ಹೊಸ ‘ದ ನೇಕೆಡ್ ಗನ್’ ಬಂತು. ನಿರ್ದೇಶಕ ಅಕೀವಾ ಶಾಫರ್. ಆಯ್ಕೆ ಸರಿಯಾಗಿತ್ತು. ನೀಸನ್ ಕೂಡ ವರ್ಷಗಟ್ಟಲೆ ಗಂಭೀರ ಮುಖದಲ್ಲಿ ಕೊಂದು ಕೆಡವಿದ ನಟ. ಹಿಮದ ಬೊಂಬೆಗೆ ಜೀವ ಬರುವ ಪ್ರೇಮಗೀತೆಯ ಭಾಗ ಹಳೆಯ ‘ಪ್ಲಟೂನ್’ ಜೋಕಿನ ವಂಶದ್ದೇ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಪೊಲೀಸರ ಕೈಗೆ ಎಲ್ಲಿಂದಲೋ ಕಾಫಿ ಲೋಟ ಬಂದು ಸೇರುತ್ತಲೇ ಇರುವ ಜೋಕನ್ನು ಗಮನಿಸದೆ ಬಿಟ್ಟವರೂ ಇರಬಹುದು. ಈಗಿನ ಮನೆಯಲ್ಲಿ ಪೇಪರ್ ಜಾಗಕ್ಕೆ ಮೊಬೈಲ್ ಬಂದಿದೆ. ಆ ಲೋಟಗಳು ಮೊಬೈಲ್ ನೋಡುತ್ತಿರುವವರಿಗೆ ಕಾಣುವುದಿಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಸೀರಿಯಲ್ಲಿನಿಂದ. ಆರು ಕಂತು, ಎಲ್ಲ ಸೇರಿ ಎರಡೂವರೆ ಗಂಟೆಯ ಆಸುಪಾಸು. ಮೊದಲ ಕಂತಿನಲ್ಲಿ ಟ್ವೈಸ್, ಫೆಲ್ ಅಂತೆಲ್ಲ ಹೆಸರಿರುವವರ ಕೊಲೆಯ ಬಗ್ಗೆ ನಡೆಯುವ ಮಾತುಕತೆ ವೇಗವಾಗಿದೆ. ಯಾರು ಎರಡು ಸಲ ಗುಂಡು ಹಾರಿಸಿದರು, ಯಾರು ಬಿದ್ದರು ಅಂತ ತಲೆ ಕೆಡುತ್ತೆ. ಅಂಥ ಕಡೆ ಕೆಳಗೆ ಸಬ್‌ಟೈಟಲ್ ಇದ್ದರೆ ಒಳ್ಳೆಯದು ಅನ್ನಿಸುವುದು ಸಹಜ. ಆದರೂ ಮೊದಲ ಸಲ ಹಾಕಬೇಡಿ. ಕಣ್ಣು ಕೆಳಗಿನ ಅಕ್ಷರಕ್ಕೆ ಅಂಟಿಕೊಂಡರೆ ಲಿಫ್ಟಿನ ಬಾಗಿಲು ತೆರೆದಾಗ ಹಿಂದೆ ಈಜುಕೊಳ ಇದ್ದದ್ದು ತಪ್ಪಿಹೋಗುತ್ತೆ. ಅಲ್ ಎಂಬ ಪೊಲೀಸ್ ಎಷ್ಟು ಎತ್ತರ ಅಂದರೆ ಅವನ ತಲೆ ಯಾವಾಗಲೂ ಪರದೆಯಿಂದ ಮೇಲೆ, ಆಚೆ ಇರುತ್ತೆ. ಅವನೂ ತಪ್ಪಿಹೋಗುತ್ತಾನೆ. ಎರಡನೇ ಸಲ ಬೇಕಿದ್ದರೆ ಸಬ್‌ಟೈಟಲ್ ಹಾಕಿಕೊಂಡು, ಮಾತು ಓದುತ್ತಾ ನಗಿ.